ಎರಡು ಸಲ ಹೇಳಿದ ಪ್ರಶ್ನೆ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರಾದರೂ ಏನಾದರೂ ಕೇಳಿದರೆ, ಉತ್ತರ ಕೊಡುವ ಮೊದಲು ಅವರು ಕೇಳಿದ್ದನ್ನೇ ಇನ್ನೊಮ್ಮೆ ದೊಡ್ಡ ದನಿಯಲ್ಲಿ ಹೇಳುತ್ತೇನೆ. ಮಗಳು "ಅವ್ವಾ, ನನ್ನ ಕಂಪಾಸ್ ಪೆಟ್ಟಿಗಿ ಎಲ್ಲೈತಿ?" ಎಂದರೆ, "ಅಂದ್ರ ನಿನ್ನ ಕಂಪಾಸ್ ಪೆಟ್ಟಿಗಿ ಸಿಗವಲ್ದು ಅಂತೀ, ಹೌದಲ್ಲ?" ಎನ್ನುತ್ತೇನೆ. ಅವಳು ಹಣೆ ಚಚ್ಚಿಕೊಳ್ಳುತ್ತಾಳೆ. ಒಮ್ಮೆ ಕಿವಿ ತೋರಿಸಿಕೊಂಡು ಬಾ ಎಂದು ಗಂಡ ಹೇಳಿದ್ದಾರೆ. ಕಿವಿ ಚೆನ್ನಾಗಿಯೇ ಇದೆ. ಅದು ಒಂದು ಮೇಜಿನ ಸುತ್ತ ಕುಳಿತು ಕಲಿತ ಅಭ್ಯಾಸ. ಮೇಜು ಹೋಯಿತು, ಅಭ್ಯಾಸ ಮಾತ್ರ ಹೋಗಲಿಲ್ಲ.

ಸಿಂಧನೂರಿನ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ನೀರಿನ ಮೋಟಾರು ರಿಪೇರಿ ಮಾಡುವ ಒಂದು ಅಂಗಡಿ ಇದೆ. ಅದರ ಮಾಳಿಗೆಯ ಮೇಲಿನ ಒಂದೇ ಕೋಣೆ ನಮ್ಮ ಆಫೀಸಾಗಿತ್ತು. ದೂರದ ನಗರದ ಒಂದು ಕಂಪನಿ ನಡೆಸುತ್ತಿದ್ದ ರೈತರ ಸಹಾಯವಾಣಿ ಅದು. ರೈತರು ಫೋನ್ ಮಾಡಿ ಬೆಳೆಗೆ ಬಂದ ರೋಗ, ಹುಳ, ಗೊಬ್ಬರದ ಮಾತು ಕೇಳುತ್ತಿದ್ದರು, ನಾವು ಹೇಳುತ್ತಿದ್ದೆವು. ಒಂದು ಉದ್ದನೆಯ ಮೇಜು, ಅದರ ಸುತ್ತ ಆರು ಜನ, ಆರು ಫೋನು. ನಾನು ಕೃಷಿ ಡಿಪ್ಲೊಮಾ ಮುಗಿಸಿ ಸೇರಿದಾಗ ನನ್ನ ತಲೆಯಲ್ಲಿ ಪುಸ್ತಕವಿತ್ತು, ಹೊಲ ಇರಲಿಲ್ಲ. ಇದ್ದ ಚೂರುಪಾರು ಹೊಲವೂ ನನ್ನೂರು ಮಸ್ಕಿಯ ಒಣಭೂಮಿಯದು: ಜೋಳ, ತೊಗರಿ, ಹತ್ತಿ. ಬರುವ ಫೋನುಗಳೋ ಹತ್ತಕ್ಕೆ ಎಂಟು ಕಾಲುವೆ ಕೆಳಗಿನ ಭತ್ತದವು. ಭತ್ತವನ್ನು ನಾನು ಹತ್ತಿರದಿಂದ ಕಂಡದ್ದೆಂದರೆ ತಟ್ಟೆಯಲ್ಲಿ, ಅನ್ನವಾದ ಮೇಲೆ.

ಗೊತ್ತಿಲ್ಲ ಎಂದು ರೈತನಿಗೆ ಹೇಳುವಂತಿಲ್ಲ. ಒಮ್ಮೆ ಹಾಗೆಂದರೆ ಆತ ಮತ್ತೆಂದೂ ಫೋನ್ ಮಾಡುವುದಿಲ್ಲ, ನೇರ ಔಷಧದ ಅಂಗಡಿಗೆ ಹೋಗಿ ಅವರು ಕೊಟ್ಟ ಡಬ್ಬಿ ತಂದು ಸುರಿಯುತ್ತಾನೆ. ಅದಕ್ಕೇ ಮೇಜಿನವರು ಒಂದು ಉಪಾಯ ಮಾಡಿಕೊಂಡಿದ್ದರು. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ, ಅದನ್ನು ರೈತನಿಗೇ ತಿರುಗಿ ಹೇಳುವುದು, ಎಲ್ಲರಿಗೂ ಕೇಳುವ ಹಾಗೆ. "ಅಂದ್ರ ನಾಟಿ ಮಾಡಿ ಇಪ್ಪತ್ತು ದಿನ ಆಗೈತಿ, ಸುಳಿ ಒಣಗಿ ಎಳದ್ರ ಕೈಗೇ ಬರಾಕತ್ತೈತಿ ಅಂತೀರಿ, ಹೌದಲ್ರೀ?" ಈ ಹೆಣ್ಣುಮಗಳು ಎಷ್ಟು ಮರ್ಯಾದಸ್ಥಳು, ನನ್ನ ಮಾತು ಎಷ್ಟು ಲಕ್ಷ್ಯಗೊಟ್ಟು ಕೇಳುತ್ತಾಳೆ ಎಂದು ಆತ ಆ ಕಡೆ ಹಿಗ್ಗುತ್ತಿದ್ದ. ಈ ಕಡೆ ಐದು ಜೊತೆ ಕಿವಿಗಳು ನೆಟ್ಟಗಾಗುತ್ತಿದ್ದವು. ಒಬ್ಬರು ಗಾಳಿಯಲ್ಲಿ ಬೆರಳಾಡಿಸಿ ಹುಳದ ಸನ್ನೆ ಮಾಡುತ್ತಿದ್ದರು, ಇನ್ನೊಬ್ಬರು ತಲೆ ಅಲ್ಲಾಡಿಸುತ್ತಿದ್ದರು. ಆತ "ಹೌದ್ರಿ" ಎನ್ನುವಷ್ಟರಲ್ಲಿ ನನ್ನ ಮುಂದೆ ಉತ್ತರ ಇರುತ್ತಿತ್ತು.

ಹೆಚ್ಚಿನ ಉತ್ತರಗಳು ಬರುತ್ತಿದ್ದದ್ದು ಕಾಕಾ ಕೂರುವ ಮೂಲೆಯಿಂದ. ಲಿಂಗಸುಗೂರಿನವರು, ನಮ್ಮೆಲ್ಲರಿಗಿಂತ ಇಪ್ಪತ್ತು ವರ್ಷ ದೊಡ್ಡವರು. ಡಿಗ್ರಿ ಡಿಪ್ಲೊಮಾ ಏನೂ ಇಲ್ಲ. ಬೀಜದ ಅಂಗಡಿಯೊಂದರಲ್ಲಿ ಅರ್ಧ ಆಯುಷ್ಯ ಕಳೆದು, ಕಾಲುವೆಯ ಊರೂರು ತಿರುಗಿ ಬಂದವರು. ಮೇಜಿನಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಎಂದೆ. ದಿನಾ ಬಸ್ಸಿಗೆ ಬರುತ್ತಿದ್ದ ಅವರು ಟಿಕೆಟಿನ ಹಿಂದೆ ಎರಡೇ ಶಬ್ದ ಬರೆದು ಮೇಜಿನ ಮೇಲೆ ಜಾರಿಸುತ್ತಿದ್ದರು. "ನೀರು ಕೇಳು." "ಬೇರು ಕೀಳಿಸು." "ಏನೂ ಬೇಡನ್ನು." ಬಸ್ ಪಾಸು ಮಾಡಿಸಿಕೊಳ್ಳಿ ಕಾಕಾ ಎಂದರೆ, "ಪಾಸ್ ಮಾಡಿಸಿದ್ರ ಬರಿಯಾಕ ಕಾಗದ ನಿಮ್ಮಪ್ಪ ಕೊಡ್ತಾನೇನ್ಬೇ?" ಎನ್ನುತ್ತಿದ್ದರು.

ಅವರ ಬಸ್ಸು ಲಿಂಗಸುಗೂರಿನಿಂದ ಹೊರಟು ಮಸ್ಕಿಗೆ ಬರುವಾಗ ಎಡಗಡೆಯ ಕಿಟಕಿಯ ಸೀಟಿನ ಮೇಲೆ ಕಾಕಾನ ಟವೆಲ್ ಬಿದ್ದಿರುತ್ತಿತ್ತು. ಅದು ನನ್ನ ಸೀಟು. ಮಸ್ಕಿ ದಾಟಿ ಸ್ವಲ್ಪ ದೂರ ಹೋದರೆ ಕೆಂಪು ಕಪ್ಪು ಒಣಹೊಲ ಮುಗಿದು ಕಾಲುವೆಯ ಹಸಿರು ಶುರುವಾಗುತ್ತದೆ. ಅಲ್ಲಿಂದ ಕಾಕಾನ ಪರೀಕ್ಷೆ. "ಆ ಗದ್ದಿ ನೋಡು. ಏನು ಬೇಕಂತ ಅಳಾಕತ್ತೈತಿ?" ಎನ್ನುತ್ತಿದ್ದರು. ನಾನು ಪುಸ್ತಕದ ಹೆಸರೊಂದನ್ನು ಹೇಳಿದರೆ, "ಬಸ್ಸು ಓಡಾಕತ್ತಾಗ ಎಲಿ ನೋಡಿ ಹೇಳಿಬಿಟ್ಯಲ್ಲ, ಭಾಳ ಶ್ಯಾಣೆ ಇದ್ದಿ" ಎಂದು ನಗುತ್ತಿದ್ದರು. ಬಸ್ಸಿನ ಮಂದಿಯೂ ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಮರುದಿನ ಮತ್ತೆ ಅದೇ ಸೀಟಿನಲ್ಲಿ ಕೂರುತ್ತಿದ್ದೆ.

ಮೊದಲ ಮುಂಗಾರಿನಲ್ಲಿ ಒಂದು ಫೋನು ಬಂತು. ಎರಡು ತಿಂಗಳ ಭತ್ತ, ಎಲೆ ಹಳದಿಯಾಗಿ ತುಕ್ಕು ಹಿಡಿದ ಹಾಗೆ ಕಂದಿದೆ. ನನಗೆ ಖುಷಿಯಾಯಿತು, ಇದು ಪುಸ್ತಕದಲ್ಲಿತ್ತು. ಜಿಂಕ್ ಕೊರತೆ. ಆದರೂ ಅಷ್ಟರಲ್ಲಾಗಲೇ ಅಂಟಿದ್ದ ಅಭ್ಯಾಸದಿಂದ ಪ್ರಶ್ನೆಯನ್ನು ದೊಡ್ಡದಾಗಿ ತಿರುಗಿ ಹೇಳಿ, "ಜಿಂಕ್ ಹೊಡೀರಿ" ಎಂದು ಬಾಯಿ ತೆರೆಯುವಷ್ಟರಲ್ಲಿ ಟಿಕೆಟ್ ಜಾರಿ ಬಂತು. "ಬುಡ ನೋಡಿಸು." ಗದ್ದೆಗಿಳಿದು ಭತ್ತದ ಬುಡ ಬಿಡಿಸಿ ನೋಡ್ರಿ ಎಂದು ರೈತನಿಗೆ ಹೇಳಿದೆ. ಆತ ಫೋನ್ ಹಿಡಿದೇ ಇಳಿದ. ನೀರಿನ ಸದ್ದು ಕೇಳಿತು, ಆಮೇಲೆ ಆತನ ಉದ್ಗಾರ. ಬುಡದ ತುಂಬ ಕಂದು ಜಿಗಿಹುಳ, ಗೋಡೆಗೆ ಇರುವೆ ಹತ್ತಿದ ಹಾಗೆ. ಜಿಂಕ್ ಎಂದು ಎಲೆಯ ಮೇಲೆ ಹೊಡೆಸಿದ್ದರೆ ಹುಳ ಕೆಳಗೆ ಕೂತು ವಾರದಲ್ಲಿ ಗದ್ದೆ ಸುಡುತ್ತಿತ್ತು. ನೀರು ಬಸಿದು ಬುಡಕ್ಕೆ ಔಷಧ ಬೀಳುವಂತೆ ಹೊಡೆಯಲು ಹೇಳಿದೆವು, ಉಳಿಯಿತು. ಸಂಜೆ ಬಸ್ಸಿನಲ್ಲಿ ಕಾಕಾ ಒಂದೇ ಮಾತು ಹೇಳಿದರು. "ಎಲಿ ಹತ್ತು ಬ್ಯಾನಿಗೆ ಒಂದ ಬಣ್ಣ ತೋರಸ್ತೈತಿ. ಬುಡ ಸುಳ್ಳು ಹೇಳಂಗಿಲ್ಲ, ಯವ್ವಾ." ನನ್ನ ತಪ್ಪಿಗೆ ಹಿಡಿದದ್ದು ಅರ್ಧ ನಿಮಿಷ, ತಿದ್ದಲು ಇನ್ನರ್ಧ ನಿಮಿಷ. ಮೇಜಿನವರು ಬಿಟ್ಟರೆ ಯಾರಿಗೂ ಅದು ಗೊತ್ತಾಗಲಿಲ್ಲ.

ಕೊರೊನಾ ಬಂದ ವರ್ಷ ಹದಿನೈದು ದಿನ ಮನೆಯಿಂದ ಕೆಲಸ ಮಾಡಿ ಎಂದರು. ಲ್ಯಾಪ್‌ಟಾಪು, ಹೆಡ್‌ಫೋನು ಚೀಲಕ್ಕೆ ಹಾಕಿಕೊಂಡು ಬರುವಾಗ ನನ್ನ ಸ್ಟೀಲ್ ಲೋಟ ಮೇಜಿನ ಮೇಲೇ ಬಿಟ್ಟು ಬಂದೆ, ಹದಿನೈದು ದಿನಕ್ಕೇನು ಎಂದು. ಆ ಹದಿನೈದು ದಿನ ಇನ್ನೂ ಮುಗಿದಿಲ್ಲ. ಆಫೀಸಿಲ್ಲದೆಯೂ ಕೆಲಸ ನಡೆಯುತ್ತದೆ ಎಂದು ಕಂಪನಿಗೆ ತಿಳಿದುಹೋಯಿತು. ಬಾಡಿಗೆ ಕರಾರು ಮುರಿದರು. ಮೇಜು ಏನಾಯಿತೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಮೊದಮೊದಲು ನನಗೆ ಹಿತವೆನಿಸಿತು, ಸುಳ್ಳೇಕೆ ಹೇಳಲಿ. ಬಸ್ಸಿನ ನೂಕುನುಗ್ಗಲಿಲ್ಲ, ಬಿಸಿ ಅನ್ನ ಮನೆಯಲ್ಲೇ. ಓಣಿಯವರಿಗೆ ನಾನು ಮನೆಯಲ್ಲಿ ಕೂತು ಪಗಾರ ತಿನ್ನುವ ಪುಣ್ಯವಂತೆ. ಗಂಡ ಶಾಲೆಗೆ ಪಾಠ ಹೇಳಲು, ಮಗಳು ಅದೇ ಶಾಲೆಗೆ ಪಾಠ ಕೇಳಲು ಹೋದರೆಂದರೆ ಹಿಂದಿನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತೇನೆ. ಕಿಟಕಿಯನ್ನೂ ಮುಚ್ಚಬೇಕು, ಸಂತೆಯ ದಿನ ಗದ್ದಲ ಒಳಗೆ ಬರುತ್ತದೆ. ಫ್ಯಾನು ಹಾಕುವಂತಿಲ್ಲ, ಮೈಕಿನಲ್ಲಿ ಬಿರುಗಾಳಿಯ ಹಾಗೆ ಕೇಳುತ್ತದಂತೆ. ಮಸ್ಕಿಯ ಬೇಸಿಗೆಯಲ್ಲಿ ಫ್ಯಾನಿಲ್ಲದ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂತು, ಇನ್ನೊಬ್ಬರ ಬೆಳೆಗೆ ಉರಿ ಯಾಕೆ ಬಿತ್ತು ಎಂದು ವಿಚಾರಿಸುವ ಕೆಲಸ ನನ್ನದು. ಗೊತ್ತಿಲ್ಲದ ಪ್ರಶ್ನೆ ಬಂದಾಗ ಬಾಯಿ ತಾನಾಗಿ ಅದನ್ನು ದೊಡ್ಡದಾಗಿ ತಿರುಗಿ ಹೇಳುತ್ತಿತ್ತು. ಹೇಳಿ, ಎದುರಿಗೆ ನೋಡುತ್ತಿದ್ದೆ. ಎದುರಿಗೆ ಹಾಸಿಗೆಯ ಗಂಟು, ಇಸ್ತ್ರಿಗೆ ಇಟ್ಟ ಬಟ್ಟೆ. "ಹೌದ್ರಿ" ಎನ್ನುತ್ತಿದ್ದ ರೈತ, ಮತ್ತೆ ಸುಮ್ಮನೆ ಕಾಯುತ್ತಿದ್ದ. ಆ ನಾಲ್ಕು ಕ್ಷಣ ನನ್ನಷ್ಟು ಒಂಟಿ ಜೀವ ಈ ತಾಲೂಕಿನಲ್ಲಿ ಇನ್ನೊಂದಿರಲಿಲ್ಲ.

ಮೇಜಿನ ಬದಲು ವಾಟ್ಸಾಪ್ ಗುಂಪು ಇತ್ತು. ಶುರುವಿನಲ್ಲಿ ಅಲ್ಲಿ ಪ್ರಶ್ನೆ ಕೇಳುತ್ತಿದ್ದೆವು. ಕಾಕಾಗೆ ಟೈಪ್ ಮಾಡಲು ಬಾರದು, ನಾಲ್ಕು ನಿಮಿಷದ ದನಿ ಕಳಿಸುತ್ತಿದ್ದರು, ಅದರಲ್ಲಿ ಒಂದು ನಿಮಿಷ ಕೆಮ್ಮು, ಒಂದು ನಿಮಿಷ ಯಾವುದೋ ಊರಿನ ಕತೆ. ಆಮೇಲೆ ನಗರದಲ್ಲಿದ್ದ ಮೇಲ್ವಿಚಾರಕರು ಎಲ್ಲರೂ ತಮಗೆ ಗೊತ್ತಿದ್ದನ್ನು ಬರೆದು ಒಂದು ಕಡೆ ತುಂಬಿರಿ ಎಂದರು. ಅದಕ್ಕೆ ನಾಲೆಜ್ ಬ್ಯಾಂಕ್ ಎಂದು ಹೆಸರಿಟ್ಟರು. ನಾವು ತುಂಬಿದೆವು. ನಾನು ಪುಸ್ತಕದಲ್ಲಿದ್ದ ರೋಗಗಳನ್ನೆಲ್ಲ ಬರೆದೆ. ಎಲೆ ನೋಡಿ ನಂಬಬೇಡ, ಬುಡ ಬಿಡಿಸಿ ನೋಡು ಎಂಬುದನ್ನು ಬರೆಯಲಿಲ್ಲ. ಅದು ನನಗೆ ಗೊತ್ತಿರುವ ಒಂದು ಸಂಗತಿ ಎಂದೇ ನನಗೆ ಹೊಳೆಯಲಿಲ್ಲ. ಕಾಕಾ ಏಳು ಸಾಲು ಬರೆಸಿದರು, ಅವರ ಮೊಮ್ಮಗಳ ಕೈಯಲ್ಲಿ.

ಆಮೇಲೆ ಗುಂಪಿನಲ್ಲಿ ಯಾರೋ ಪ್ರಶ್ನೆ ಕೇಳಿದಾಗ ಮೇಲ್ವಿಚಾರಕರ ಉತ್ತರ ಬಂತು: "ಬ್ಯಾಂಕ್‌ನಲ್ಲಿ ಹುಡುಕಿದ ಮೇಲೆ ಕೇಳಿ." ಅಷ್ಟೇ. ಬೈಗುಳವೇನಲ್ಲ. ಆದರೆ ಮರುದಿನದಿಂದ ಯಾರೂ ಕೇಳಲಿಲ್ಲ. ಕೇಳಿದರೆ ಹುಡುಕದವಳು, ದಡ್ಡಿ ಎಂದಾಗುತ್ತದಲ್ಲ. ಗುಂಪಿನಲ್ಲಿ ಶುಭೋದಯದ ಹೂವು, ಹಬ್ಬದ ದೀಪ, ಕೈ ಮುಗಿಯುವ ಚಿತ್ರ, ಹೆಬ್ಬೆರಳು ಉಳಿದವು. ಕೆಲವು ತಿಂಗಳಿಗೆ ನನ್ನ ಫೋನುಗಳನ್ನು ಕೇಳಿಸಿಕೊಂಡ ಮೇಲ್ವಿಚಾರಕರು ಹೇಳಿದರು: "ಮೇಡಂ, ಅವರ ಪ್ರಶ್ನೆನ ಯಾಕೆ ರಿಪೀಟ್ ಮಾಡ್ತೀರಾ? ಟೈಮ್ ವೇಸ್ಟ್ ಆಗತ್ತೆ." ಅದನ್ನೂ ಬಿಟ್ಟೆ. ಬಿಟ್ಟ ಅಭ್ಯಾಸ ಕೆಲಸದಿಂದ ಹೊರಬಿದ್ದು ಮನೆಯಲ್ಲಿ ಸೇರಿಕೊಂಡಿತು.

ಕಾಕಾನ ಫೋನುಗಳು ಬಲು ಉದ್ದ. ಬೆಳೆ ಕೇಳುವ ಮೊದಲು ಊರು ಕೇಳುತ್ತಾರೆ, ಕಾಲುವೆಯ ತಲೆಯೋ ತುದಿಯೋ ಕೇಳುತ್ತಾರೆ, ಹಿಂದಿನ ಬೆಳೆ ಏನೆಂದು ಕೇಳುತ್ತಾರೆ. ಯಾರು ಎಷ್ಟು ಬೇಗ ಫೋನ್ ಮುಗಿಸಿದರು ಎಂದು ಕಂಪನಿ ಇಡುತ್ತಿದ್ದ ಪಟ್ಟಿಯಲ್ಲಿ ಅವರು ದಿನಾ ಕೊನೆಯಲ್ಲಿರುತ್ತಿದ್ದರು. ಒಂದು ಸಂಜೆ ಅವರ ನಂಬರನ್ನು ಗುಂಪಿನಿಂದ ತೆಗೆಯಲಾಗಿದೆ ಎಂಬ ಒಂದು ಸಾಲು ಬಂತು. ಅವರನ್ನು ಕೆಲಸದಿಂದ ತೆಗೆದದ್ದು ನಮಗೆ ತಿಳಿದದ್ದೇ ಹಾಗೆ. ಅದರ ಕೆಳಗೆ ಯಾರೋ ಕೈ ಮುಗಿದರು. ನಾಳೆ ಫೋನ್ ಮಾಡಬೇಕು ಎಂದುಕೊಂಡೆ. ನಾಳೆ ಎಂಬುದು ಎಂಟು ತಿಂಗಳಾಯಿತು.

ಅವರ ಜಾಗಕ್ಕೆ ಬಂದವಳು ಗೊರೇಬಾಳದ ಹುಡುಗಿ, ಆಗತಾನೇ ಓದು ಮುಗಿಸಿದವಳು. ಅವಳು ಮೇಜನ್ನೂ ಕಂಡವಳಲ್ಲ, ನಮ್ಮಲ್ಲಿ ಒಬ್ಬರನ್ನೂ ಕಂಡವಳಲ್ಲ. ಹಳೆಯ ಫೋನುಗಳ ರೆಕಾರ್ಡಿಂಗ್ ಕೇಳಿಸಿ ತರಬೇತಿ ಮುಗಿಸಿದರು, ಅನುಮಾನ ಬಂದರೆ ನನಗೆ ಮೆಸೇಜ್ ಹಾಕಲು ಹೇಳಿದರು. ಅವಳು ತಪ್ಪದೆ "ನಮಸ್ಕಾರ ಮೇಡಂ, ತೊಂದರೆ ಕೊಡುತ್ತಿದ್ದೇನೆ" ಎಂದು ಶುರುಮಾಡುತ್ತಿದ್ದಳು. ನಾನು ಎರಡು ಫೋನುಗಳ ನಡುವೆ ಒಂದೊಂದು ಶಬ್ದ ಒಗೆಯುತ್ತಿದ್ದೆ, ಕಾಕಾ ಟಿಕೆಟ್ ಜಾರಿಸುತ್ತಿದ್ದ ಗತ್ತಿನಲ್ಲಿ. ಕಾಕಾ ಎರಡು ಶಬ್ದ ಬರೆಯುವ ಮೊದಲು ಇಡೀ ಮಾತು ಕಿವಿಯಾರೆ ಕೇಳಿರುತ್ತಿದ್ದರು ಎಂಬುದನ್ನು ಮರೆತಿದ್ದೆ.

ಹೋದ ಮುಂಗಾರಿನಲ್ಲಿ ಅವಳ ಮೆಸೇಜ್ ಬಂತು. ಮುಕ್ಕುಂದದ ರೈತರು, ಎರಡು ತಿಂಗಳ ಭತ್ತ, ಎಲೆ ಹಳದಿಯಾಗಿ ಕಂದುತ್ತಿದೆ. ಜೊತೆಗೊಂದು ಫೋಟೊ, ಅಂಗೈ ಮೇಲೆ ಇಟ್ಟ ಒಂದೇ ಒಂದು ಎಲೆ. "ಏನು ಹೇಳಲಿ ಮೇಡಂ? ನನಗೆ..." ಎಂದು ಅದು ಅರ್ಧಕ್ಕೇ ನಿಂತಿತ್ತು. ನಾನು ಇನ್ನೊಬ್ಬ ರೈತನ ಹತ್ತಿಯ ವಿಷಯದಲ್ಲಿದ್ದೆ. ಫೋಟೊ ತೆರೆದು, ಮುಚ್ಚಿ, ಬೆರಳ ತುದಿಯಲ್ಲಿ ಹಾಕಿದೆ: "ಜಿಂಕ್. ಬ್ಯಾಂಕ್‌ನಲ್ಲಿದೆ ನೋಡು." ಅವಳು ಹೆಬ್ಬೆರಳು ಹಾಕಿದಳು.

ಮುಂದಿನದನ್ನು ನೀವೇ ಊಹಿಸಬಹುದು. ಹತ್ತು ದಿನಕ್ಕೆ ಆ ರೈತ ಮತ್ತೆ ಫೋನ್ ಮಾಡಿದ, ಈ ಸಲ ದೂರು ಕೊಡಲು. ಗದ್ದೆಯ ನಡುನಡುವೆ ದುಂಡಗೆ ಸುಟ್ಟ ಮಚ್ಚೆಗಳು, ಬುಡದ ತುಂಬ ಜಿಗಿಹುಳ. ಪಕ್ಕದವರು ಬಂದು ಹೇಳಿ ಉಳಿದದ್ದನ್ನು ಉಳಿಸಿದರು. ಹೋದದ್ದು ಹೋಯಿತು. "ಕುಂತಲ್ಲೇ ಹೇಳಾಕ ನಿಮಗೇನಾಗ್ಬೇಕ್ರಿ, ಗದ್ದಿ ನಿಮ್ದಲ್ಲ" ಎಂದ ಆತನ ದನಿ ರೆಕಾರ್ಡ್ ಆಗಿತ್ತು. ಮೇಲ್ವಿಚಾರಕರು ಅದನ್ನು ಎಲ್ಲರೂ ಕಲಿಯಲಿ ಎಂದು ಗುಂಪಿಗೆ ಹಾಕಿದರು. ಈ ಸಲಹೆ ಎಲ್ಲಿಂದ ಬಂತು ಎಂದು ಕೇಳಿದರು.

ಅದೇ ಎಲೆ, ಅದೇ ಬಣ್ಣ, ಅದೇ ತಪ್ಪು. ಅಂದು ನನ್ನನ್ನು ಮೇಜು ಹಿಡಿದಿತ್ತು, ಇವಳನ್ನು ನಾನೇ ನೂಕಿದ್ದೆ. "ಅದು ನನ್ನ ಉತ್ತರ" ಎಂದು ಬರೆದೆ, ಅಳಿಸಿದೆ. ಮತ್ತೆ ಬರೆದೆ, ಅಳಿಸಿದೆ. ಅಷ್ಟರಲ್ಲಿ ಅವಳೇ ಬರೆದುಬಿಟ್ಟಳು: "ಸಾರಿ ಸರ್, ನನ್ನ ತಪ್ಪು." ನನಗೊಬ್ಬಳಿಗೆ ಬೇರೆ ಒಂದು ಮೆಸೇಜ್ ಬಂತು: "ನಿಮ್ಮ ಹೆಸರು ಹೇಳಲ್ಲ ಮೇಡಂ. ಹೆದರಬೇಡಿ." ನಾನು ಓದಿದ್ದೇನೆ ಎಂದು ಅವಳಿಗೆ ನೀಲಿ ಗೆರೆ ಕಂಡಿರುತ್ತದೆ. ಉತ್ತರ ಕೊಡಲಿಲ್ಲ. ಅವಳ ಕೆಲಸ ಉಳಿಯಬೇಕೋ ಬೇಡವೋ ಎಂದು ಗುರುವಾರದ ವಿಡಿಯೊ ಮೀಟಿಂಗಿನಲ್ಲಿ ತೀರ್ಮಾನ ಎಂದರು.

ಬುಧವಾರ ಕಾಕಾಗೆ ಫೋನ್ ಮಾಡಿದೆ. ಎಂಟು ತಿಂಗಳ ಮೇಲೆ.

"ಯಾರು? ಮಸ್ಕಿಯಾಕಿ? ನಾ ಸತ್ತೀನೋ ಇದ್ದೀನೋ ನೋಡಾಕ ಮಾಡಿದ್ಯೇನ್ಬೇ?" ಎಂದರು. ಆಮೇಲೆ ಎಲ್ಲ ಕೇಳಿದರು. ಕೇಳುವಾಗ ನಡುವೆ ಬಾಯಿ ಹಾಕುವವರಲ್ಲ ಅವರು. ಕೊನೆಗೆ ಹೇಳಿದರು: "ಇದಕ್ಕ ನನ್ನ ಕೇಳ್ತಿಯಲ್ಲ. ಹೇಳಿಬಿಡು. ದೊಡ್ಡ ದನೀಲೆ ಹೇಳು, ನಾಕು ಮಂದಿಗೆ ಕೇಳಂಗ. ಮೇಜಿನ್ಯಾಗ ಹೇಳ್ತಿದ್ದಿಲ್ಲೇನು?"

"ಮೇಜು ಎಲ್ಲೈತಿ ಕಾಕಾ?" ಎಂದೆ. ಅಳು ಬಂದುಬಿಟ್ಟಿತು. ಅವರು ಸಮಾಧಾನ ಮಾಡಲಿಲ್ಲ. ಫೋನನ್ನೂ ಇಡಲಿಲ್ಲ, ಲಿಂಗಸುಗೂರಿನ ಅವರ ಮನೆಯ ಮುಂದೆ ಯಾವುದೋ ಗಾಡಿ ಹೋದದ್ದು ಕೇಳಿಸಿತು.

ಗುರುವಾರ ಎಲ್ಲರ ಕ್ಯಾಮೆರಾ ಚಾಲೂ ಇರಬೇಕೆಂದು ಅಪ್ಪಣೆ. ಪರದೆಯ ಮೇಲೆ ಚೌಕ ಚೌಕವಾಗಿ ಮುಖಗಳು. ಹುಡುಗಿಯ ಚೌಕ ಎಡಗಡೆ ಕೆಳಗಿತ್ತು, ಬೆನ್ನ ಹಿಂದೆ ಅಕ್ಕಿಚೀಲ, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಪರೀಕ್ಷೆಗೆ ಕೂತವಳ ಹಾಗೆ. ಮೇಲ್ವಿಚಾರಕರು ಆ ರೈತನ ದನಿಯನ್ನು ಮತ್ತೊಮ್ಮೆ ಕೇಳಿಸಿದರು. "ಈ ವಿಷಯದಲ್ಲಿ ಯಾರಾದ್ರೂ ಏನಾದ್ರೂ ಹೇಳೋದಿದ್ಯಾ?" ಎಂದರು.

ನಾನು ಹೇಳಿದೆ. ದೇವರಾಣೆ ಹೇಳಿದೆ. ನೆಟ್ಟಗೆ ಕೂತು, ದೊಡ್ಡ ದನಿಯಲ್ಲಿ. ಅದು ನನ್ನ ಉತ್ತರ, ಅವಳು ಕೇಳಿದಳು, ನಾನು ಫೋಟೊ ಸರಿಯಾಗಿ ನೋಡದೆ ಹೇಳಿದೆ, ಬುಡ ನೋಡಿಸಬೇಕಿತ್ತು, ಅದು ನನಗೆ ಗೊತ್ತಿತ್ತು, ಅವಳಿಗೆ ನಾನು ಕಲಿಸಲೇ ಇಲ್ಲ, ಶಿಕ್ಷೆ ನನಗೆ ಕೊಡಿ. ಮುಗಿಸಿದೆ. ಯಾರ ಮುಖದಲ್ಲೂ ಒಂದು ಗೆರೆ ಅಲುಗಲಿಲ್ಲ. ಗರ ಬಡಿದವರ ಹಾಗೆ ಕೂತಿದ್ದಾರೆ ಎಂದುಕೊಂಡೆ.

"ಓಕೆ, ಯಾರಿಗೂ ಏನೂ ಹೇಳೋದಿಲ್ಲ ಅಂತಾಯ್ತು. ಮುಂದಿನ ವಿಷಯ" ಎಂದರು ಮೇಲ್ವಿಚಾರಕರು.

ಆಗ ಕಂಡಿತು, ನನ್ನ ಚೌಕದ ಮೂಲೆಯಲ್ಲಿ ಮೈಕಿಗೆ ಅಡ್ಡ ಎಳೆದ ಕೆಂಪು ಗೆರೆ. ಒಳಗೆ ಬರುವಾಗ ಎಲ್ಲರ ಮೈಕನ್ನೂ ಅವರೇ ಬಂದ್ ಮಾಡಿರುತ್ತಾರೆ, ಮಾತಾಡುವವರು ತೆರೆದುಕೊಳ್ಳಬೇಕು. ದಿನಾ ಮಾಡುವ ಕೆಲಸ. ಅಂದು ಮರೆತಿದ್ದೆ. ನನ್ನ ಇಡೀ ತಪ್ಪೊಪ್ಪಿಗೆಯನ್ನು ಕೇಳಿದ್ದು ಹಾಸಿಗೆಯ ಗಂಟು.

ಬೆರಳು ಆ ಗುಂಡಿಯ ಮೇಲೆ ಹೋಯಿತು. ಒತ್ತಿದರೆ ಸಾಕಿತ್ತು. ಒತ್ತಲಿಲ್ಲ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ನನ್ನದು ಆಡಿದರೂ ಬಾಯಲ್ಲೇ ಉಳಿದಿತ್ತು, ಆದರೆ ಅದನ್ನು ಎರಡನೇ ಸಲ ಎತ್ತುವ ಧೈರ್ಯ ಖರ್ಚಾಗಿಹೋಗಿತ್ತು. ನಾನಂತೂ ಹೇಳಿದೆನಲ್ಲ, ಕೇಳದಿದ್ದರೆ ನಾನೇನು ಮಾಡಲಿ ಎಂದು ಮನಸ್ಸು ಒಂದು ಕಳ್ಳದಾರಿ ಹುಡುಕಿಕೊಂಡಿತು. ಜೀವಮಾನವೆಲ್ಲ ಬೇರೆಯವರ ಪ್ರಶ್ನೆಯನ್ನು ಎರಡು ಸಲ ಹೇಳಿದವಳು ನನ್ನ ಉತ್ತರವನ್ನು ಎರಡು ಸಲ ಹೇಳಲಾರದೆ ಹೋದೆ. ಸಂಜೆಗೆ ಗುಂಪಿನಲ್ಲಿ ಒಂದು ಸಾಲು ಬಂತು. ಗೊರೇಬಾಳದ ನಂಬರನ್ನು ತೆಗೆಯಲಾಗಿತ್ತು. ಕಾಕಾನ ನಂಬರಿಗೆ ಬಂದಂಥದೇ ಸಾಲು.

ಮೂರು ದಿನ ಹಾಗೇ ಕಳೆದವು. ನಾಲ್ಕನೆಯ ದಿನ ಮೇಲ್ವಿಚಾರಕರಿಗೆ ಎಲ್ಲ ಬರೆದು ಕಳಿಸಿದೆ. ಆ ವಿಷಯ ಮುಗಿದಿದೆ, ಹಂಚಿಕೊಂಡದ್ದಕ್ಕೆ ಧನ್ಯವಾದ ಎಂದು ಉತ್ತರ ಬಂತು, ಕೆಳಗೊಂದು ಹೆಬ್ಬೆರಳು. ನನ್ನ ಮೇಲೆ ಸಿಟ್ಟು ಕೂಡ ಮಾಡಿಕೊಳ್ಳಲಿಲ್ಲ. ಹುಡುಗಿಗೆ ಮೆಸೇಜ್ ಹಾಕಲು ಫೋನ್ ತೆಗೆದೆ, ಹೀಗೇ ಒಂದು ಮೆಸೇಜಿನಿಂದಲ್ಲವೇ ಇಷ್ಟೆಲ್ಲ ಆದದ್ದು ಎನಿಸಿ ಇಟ್ಟೆ. ರಜೆ ಹಾಕಿ ಬಸ್ಸು ಹತ್ತಿದೆ.

ಎಷ್ಟೋ ದಿನವಾಗಿತ್ತು ಆ ದಾರಿಯಲ್ಲಿ ಹೋಗದೆ. ಎಡಗಡೆ ಕಿಟಕಿಯ ಸೀಟಿನಲ್ಲಿ ಯಾರದೋ ಚೀಲವಿತ್ತು, ನಿಂತೇ ಹೋದೆ. ಸಿಂಧನೂರಿನಲ್ಲಿ ಇಳಿದು ಆಟೊ ಹುಡುಕುವ ಮೊದಲು ಕಾಲು ತಾನಾಗಿ ಮೋಟಾರು ಅಂಗಡಿಯ ಕಡೆ ತಿರುಗಿತು. ನಮ್ಮ ಮೇಜು ಅಲ್ಲೇ ಇತ್ತು, ಕೆಳಗೆ, ಅಂಗಡಿಯ ಮುಂದೆ. ಮೇಲೆ ಬಿಚ್ಚಿದ ಮೋಟಾರುಗಳು, ಗ್ರೀಸು, ತಾಮ್ರದ ತಂತಿ. ಕಾಕಾ ಕೂರುತ್ತಿದ್ದ ಮೂಲೆಯಲ್ಲಿ ಮೆಕ್ಯಾನಿಕ್ ಸ್ಪ್ಯಾನರ್ ಇಟ್ಟುಕೊಂಡಿದ್ದ. "ಏನು ಬೇಕಾಗಿತ್ರಿ?" ಎಂದ. ಏನೂ ಬೇಡ ಎಂದು ಬಂದೆ.

ಗೊರೇಬಾಳದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಫೋನಿನ್ಯಾಗ ಭತ್ತದ ಔಷಧ ಹೇಳ್ತಿದ್ದ ಹುಡುಗಿ ಎಂದರೆ ಆಟೊದವನೇ ನಕ್ಕು ಬಾಗಿಲಿಗೆ ಬಿಟ್ಟ. ಆ ನಗೆ ನನಗೆ ಚುಚ್ಚಿತು. ಬಾಗಿಲಲ್ಲಿ ನಿಂತವಳು ನಾನು ಎಣಿಸಿದ್ದಕ್ಕಿಂತ ಗಿಡ್ಡ. ಚೌಕದಲ್ಲಿ ಎತ್ತರ ತಿಳಿಯುವುದಿಲ್ಲ ನೋಡಿ. ಅವಳು ಎರಡು ಕ್ಷಣ ನನ್ನನ್ನೇ ನೋಡಿ, "ಮಸ್ಕಿ ಮೇಡಂ?" ಎಂದಳು. ಒಳಗೆ ಕರೆದು ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟಳು. "ಆಫೀಸಿನವರ ಪೈಕಿ ನಾ ಕಣ್ಣಾರೆ ನೋಡಾಕತ್ತಿದ್ದು ನೀವ ಮೊದಲ್ರೀ" ಎಂದಳು.

ಅಡುಗೆಮನೆಯಲ್ಲಿ ಅವಳ ತಾಯಿ ರೊಟ್ಟಿ ಬಡಿಯುತ್ತಿದ್ದರು. ಎದ್ದು ಬಾಗಿಲಿಗೆ ಬಂದು, ಹಿಟ್ಟಿನ ಕೈಯಲ್ಲೇ ನಮಸ್ಕಾರ ಮಾಡಿದರು. "ಬರ್ರಿ ಅಕ್ಕಾರ. ಈಕಿಗೆ ಚೊಲೊತ್ನಂಗ ಬೈದು ಹೋಗ್ರಿ. ಭತ್ತದಾಗ ಹುಟ್ಟಿ ಭತ್ತದಾಗ ಬೆಳದಾಕಿ, ಭತ್ತದ ಬ್ಯಾನಿ ತಪ್ಪು ಹೇಳ್ಯಾಳಂತ. ಊರಾಗ ಮಾರಿ ತೋರ್ಸದಂಗ ಆಗೈತಿ. ಇಷ್ಟು ಓದಿಸಿದ್ದು ಇದಕ್ಕೇನ್ರಿ?" ಎಂದು ಒಳಗೆ ಹೋದರು. ರೊಟ್ಟಿಯ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಹುಡುಗಿ ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಮೇಡಂ, ಅವತ್ತು ಮೀಟಿಂಗಿನ್ಯಾಗ ನೀವು ಏನೋ ಹೇಳಿದ್ರಿ. ನಿಮ್ಮ ಬಾಯಿ ಆಡಿದ್ದು ನಾ ನೋಡಿದ್ನಿ. ದನಿ ಬರಲಿಲ್ಲ. ಅವತ್ತಿಂದ ಅದನ್ನ ವಿಚಾರ ಮಾಡಾಕತ್ತೀನಿ, ಏನು ಹೇಳಿರಬೇಕಂತ."

ಅಷ್ಟು ಜನರಲ್ಲಿ ಅವಳೊಬ್ಬಳು ನನ್ನ ಮುಖ ನೋಡಿದ್ದಳು.

"ಅದು ನನ್ನ ಉತ್ತರ ಅಂತ ಹೇಳಿದ್ನಿ" ಎಂದೆ. "ಬುಡ ನೋಡ್ಸು ಅಂತ ನಿನಗ ನಾ ಹೇಳಬೇಕಾಗಿತ್ತು. ನನಗ ಒಬ್ರು ಕಲಿಸಿದ್ರು. ನಿನಗ ನಾ ಕಲಿಸಲಿಲ್ಲ."

ಅವಳು ಬೆರಳಿಂದ ಕಟ್ಟೆಯ ಮೇಲೆ ಗೆರೆ ಎಳೆಯುತ್ತಾ, "ಬುಡ ನೋಡಬೇಕಂತ ನನಗ ಗೊತ್ತಿತ್ರಿ" ಎಂದಳು. "ನಮ್ಮಪ್ಪ ಸಣ್ಣಾಕಿದ್ದಾಗಿಂದ ತೋರ್ಸ್ಯಾನ. ಮೆಸೇಜಿನ್ಯಾಗ ಅದನ್ನ ಬರಿಯಾಕ ಹೋಗಿದ್ನಿ, ಅರ್ಧಕ್ಕ ಬಿಟ್ನಿ. ನೀವು ದೊಡ್ಡವ್ರು. ಜಿಂಕ್ ಅಂದ್ರಿ. ನಾ ಸುಮ್ನಾದ್ನಿ."

"ನನಗೆ" ಎಂದು ನಿಂತಿದ್ದ ಆ ಮೆಸೇಜು ನೆನಪಾಯಿತು. ಅದರ ಉಳಿದರ್ಧ ಏನೆಂದು ನಾನು ಕೇಳಿರಲಿಲ್ಲ. ಕೇಳಿದ್ದರೆ ಕಾಕಾನ ಟಿಕೆಟು ನನಗೆ ಆ ಕಡೆಯಿಂದಲೇ ಜಾರಿ ಬರುತ್ತಿತ್ತು. ನನಗೆ ಅವಳ ಕೈ ಹಿಡಿದುಕೊಳ್ಳಬೇಕೆನಿಸಿತು, ಆದರೆ ಅಷ್ಟು ಸಲಿಗೆಗೆ ನಾನು ಯೋಗ್ಯಳೆನಿಸಲಿಲ್ಲ. ನೀರಿನ ಚೊಂಬು ಹಿಡಿದು ಕೂತೆ.

"ನಿಮ್ಮ ಹಳೇ ರೆಕಾರ್ಡಿಂಗ್ ಎಲ್ಲ ಕೇಳೀನ್ರಿ" ಎಂದಳು ಅವಳು. "ನೀವು ರೈತರು ಕೇಳಿದ್ದನ್ನ ಇನ್ನೊಮ್ಮೆ ಅವರಿಗೇ ಹೇಳ್ತಿದ್ರಿ, ದೊಡ್ಡದಾಗಿ. ಯಾಕಂತ ಯಾರೂ ಹೇಳಲಿಲ್ಲ."

ನಾನು ಹೇಳಿದೆ. ಮೇಜು, ಆರು ಜನ, ಐದು ಜೊತೆ ಕಿವಿ, ಬಸ್ ಟಿಕೆಟ್ಟು. ರೈತನಿಗಲ್ಲ, ಪಕ್ಕದವರಿಗೆ ಕೇಳಲಿ ಎಂದು ಹೇಳುತ್ತಿದ್ದೆವು ಎಂದೆ. ಅವಳು ಕಣ್ಣು ಮಿಟುಕಿಸದೆ ಕೇಳಿದಳು. ಒಳಗೆ ರೊಟ್ಟಿ ಬಡಿಯುವ ಸದ್ದು ನಡೆದೇ ಇತ್ತು.

ಆಮೇಲೆ ಅವಳು ಬೆನ್ನು ನೆಟ್ಟಗೆ ಮಾಡಿ, ನನ್ನ ಕಡೆ ನೋಡದೆ ಅಡುಗೆಮನೆಯ ಬಾಗಿಲ ಕಡೆ ಮುಖ ತಿರುಗಿಸಿದಳು. ಓಣಿಗೆ ಕೇಳುವಷ್ಟು ದೊಡ್ಡ ದನಿಯಲ್ಲಿ ಹೇಳಿದಳು:

"ಅಂದ್ರ ಮೇಡಂ, ಆ ಜಿಂಕಿನ ಉತ್ತರ ನಿಮ್ದು, ನನ್ನ ತಪ್ಪಲ್ಲ ಅಂತೀರಿ. ಹೌದಲ್ರೀ?"

ರೊಟ್ಟಿಯ ಸದ್ದು ನಿಂತಿತು.

"ಹೌದು" ಎಂದೆ, ಅವಳಿಗಿಂತ ದೊಡ್ಡ ದನಿಯಲ್ಲಿ.